ಗುರುತು ಸಿಗಲಿಲ್ಲ

ನಮ್ಮ ವಿಜ್ಞಾನ ಸಂಗ್ರಹಾಲಯದ ಕತ್ತಲೆ ಕೋಣೆಯಲ್ಲಿ ಬೆಳಕಿನ ಪ್ರಯೋಗ ತೋರಿಸುತ್ತಿದ್ದ ಹೆಂಗಸನ್ನು ಎಲ್ಲರೂ ಕತ್ತಲಕ್ಕ ಎಂದು ಕರೆಯುತ್ತಿದ್ದರು. ಅವಳ ಕಥೆ ಹೇಳುತ್ತೇನೆ. ಶುರು ಮಾಡುವ ಮೊದಲೇ ಒಂದು ಮಾತು: ಈ ಕತ್ತಲಕ್ಕ ಒಬ್ಬಳಲ್ಲ, ಇಬ್ಬರು. ಅಕ್ಕ ತಂಗಿ, ಅವಳಿಜವಳಿ. ಕೆಲಸ ಒಂದು, ಸಂಬಳ ಒಂದು, ಮೈಮೇಲಿನ ಬೂದು ಕೋಟೂ ಒಂದೇ. ಇದನ್ನು ಬಚ್ಚಿಟ್ಟು ಕೊನೆಯಲ್ಲಿ ಹೇಳಿ ನಿಮ್ಮನ್ನು ಬೆಚ್ಚಿಬೀಳಿಸುವ ಚಪಲ ನನಗಿಲ್ಲ. ಟಿಕೆಟ್ ಕಿಟಕಿಯ ಹಿಂದೆ ಕೂತು, ಚಿಲ್ಲರೆ ಕೊಡಿ ಚಿಲ್ಲರೆ ಕೊಡಿ ಎಂದು ಬಡಕೊಂಡು ಗಂಟಲು ಹರಿದುಕೊಂಡವಳು ನಾನು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮುಗಿಸುವುದು ನನ್ನ ಅಭ್ಯಾಸ.

ಕತ್ತಲೆ ಕೋಣೆ ಎಂದರೆ ಮೊದಲು ಮುರುಕಲು ಸಾಮಾನು ತುಂಬುತ್ತಿದ್ದ ಜಾಗ. ಕಿಟಕಿಗೆ ಕಪ್ಪು ಬಟ್ಟೆ ಜಡಿದು, ಬೆಂಚು ಹಾಕಿ, ಎದುರಿಗೆ ಒಂದು ಮೇಜು ಇಟ್ಟಿದ್ದರು. ಮೇಜಿನ ಮೇಲೆ ಕೆಂಪು ಲೇಸರ್ ದೀಪ. ಅದರ ಮುಂದೆ ಒಂದು ಕರಿ ತಗಡು, ತಗಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಎರಡು ಸೀಳು, ಅಕ್ಕಪಕ್ಕ. ಎರಡು ಸೀಳಿದ್ದರೆ ಗೋಡೆಯ ಮೇಲೆ ಎರಡು ಗೆರೆ ಬೀಳಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಬೀಳುವುದಿಲ್ಲ. ಬೆಳಕು, ಕತ್ತಲೆ, ಬೆಳಕು, ಕತ್ತಲೆ ಎಂದು ಸಾಲಾಗಿ ಪಟ್ಟೆ ಬೀಳುತ್ತದೆ. ಎರಡು ಸೀಳಿನಿಂದ ಬಂದ ಅಲೆಗಳು ಕೆಲವು ಕಡೆ ಕೂಡಿಕೊಳ್ಳುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಅದಕ್ಕೇ ಪಟ್ಟೆ. ಪಕ್ಕದ ಸಣ್ಣ ಟೀವಿಯಲ್ಲಿ ಇನ್ನೊಂದು ವಿಚಿತ್ರ. ಎಲ್ಲೋ ದೊಡ್ಡ ಪ್ರಯೋಗಾಲಯದಲ್ಲಿ ಬೆಳಕನ್ನು ಒಂದೊಂದೇ ಕಣವಾಗಿ ಬಿಟ್ಟು ತೆಗೆದ ಚಿತ್ರ ಅದು. ಅಲ್ಲೊಂದು ಚುಕ್ಕೆ, ಇಲ್ಲೊಂದು ಚುಕ್ಕೆ, ಗೊತ್ತುಗುರಿ ಇಲ್ಲದ ಹಾಗೆ ಬೀಳುತ್ತವೆ. ಕಾದು ನೋಡಿದರೆ ಆ ಚುಕ್ಕೆಗಳೂ ಪಟ್ಟೆಪಟ್ಟೆಯಾಗಿಯೇ ಕೂತಿರುತ್ತವೆ. ಒಂಟಿ ಕಣಕ್ಕೂ ಎರಡೂ ಬಾಗಿಲು ಗೊತ್ತು ಎಂದು ಕತ್ತಲಕ್ಕ ಹೇಳುತ್ತಿದ್ದಳು.

ಆಮೇಲೆ ಅವಳು ಎರಡು ಸೀಳಿಗೂ ಒಂದೊಂದು ಚೂರು ತೆಳು ಹಾಳೆ ಮುಚ್ಚುತ್ತಿದ್ದಳು, ತಂಪು ಕನ್ನಡಕದ ಗಾಜಿನಂಥದು. ಒಂದು ಚೂರು ಬೆಳಕಿಗೆ ನಿಂತ ಗುರುತು ಹಾಕುತ್ತದೆ, ಇನ್ನೊಂದು ಮಲಗಿದ ಗುರುತು. ಸೀಳು ಎರಡೂ ತೆರೆದೇ ಇವೆ, ಬೆಳಕು ಬರುತ್ತಲೇ ಇದೆ. ಪಟ್ಟೆ ಮಾತ್ರ ಮಾಯ! ಗೋಡೆಯ ಮೇಲೆ ಬರೀ ಮಸುಕು ಕೆಂಪು ಕಲೆ. ಯಾವ ಬೆಳಕು ಯಾವ ಸೀಳಿನಿಂದ ಬಂತು ಎಂದು ಹೇಳುವ ಗುರುತು ಉಳಿಯಿತೋ, ಆಟ ಮುಗಿಯಿತು. ಕೊನೆಗೆ ಮೂರನೆಯ ಹಾಳೆಯೊಂದನ್ನು ಬೆಳಕಿನ ದಾರಿಗೆ ಓರೆಯಾಗಿ ಹಿಡಿದರೆ ಅದು ಎರಡು ಗುರುತನ್ನೂ ಅಳಿಸಿ ಒಂದೇ ಮಾಡುತ್ತದೆ. ಪಟ್ಟೆ ವಾಪಸ್ಸು ಬರುತ್ತದೆ. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಅಲ್ಲಿ.

ಬಂದವರೆಲ್ಲ ಎಲ್ಲೋ ಅರ್ಧಂಬರ್ಧ ಓದಿಕೊಂಡು ಬಂದಿರುತ್ತಿದ್ದರು, ಯಾರಾದರೂ ನೋಡಿದರೆ ಪಟ್ಟೆ ಮಾಯವಾಗುತ್ತದೆ ಎಂದು. ನಾವು ಕಣ್ಣು ಮುಚ್ಚಿಕೊಂಡರೆ ವಾಪಸ್ಸು ಬರುತ್ತದಾ ಎಂದು ಒಬ್ಬರಾದರೂ ಕೇಳದ ದಿನವಿಲ್ಲ. ಕತ್ತಲಕ್ಕ ಅದೇ ಉತ್ತರವನ್ನು ಅದೇ ಧ್ವನಿಯಲ್ಲಿ ಕೊಡುತ್ತಿದ್ದಳು. ಕಣ್ಣು ಮುಚ್ಚಿದರೂ ಅಷ್ಟೆ, ತೆರೆದರೂ ಅಷ್ಟೆ, ಯಾರೂ ನೋಡಬೇಕಾಗಿಲ್ಲ, ಗುರುತು ಅಂತ ಒಂದು ಇದ್ದರೆ ಸಾಕು. ಕೆಲವು ದಿನ ಇದರ ಬೆನ್ನಿಗೇ ಒಂದು ತಮಾಷೆಯೂ ಬರುತ್ತಿತ್ತು. ಅಳಿಯ ಮನೆಗೆ ಬಂದರೆ ಬಂದನಲ್ಲ ಎಂದು ಸಂತೋಷಪಡಬೇಕು, ಮುಂಬಾಗಿಲಿಂದ ಬಂದೆಯಾ ಹಿತ್ತಿಲಿಂದ ಬಂದೆಯಾ ಎಂದು ಕೇಳಿದಿರೋ, ಮುಖ ಊದಿಸಿಕೊಂಡು ಕೂರುತ್ತಾನೆ, ಬೆಳಕೂ ಹಾಗೇ ಎಂದು. ಆ ನಗು ನನ್ನ ಕಿಟಕಿಯವರೆಗೂ ಕೇಳಿಸುತ್ತಿತ್ತು. ಮರುದಿನ ಅದೇ ಪಾಠ, ತಮಾಷೆ ಇಲ್ಲ, ನಗುವಿಲ್ಲ. ಈ ಹೆಂಗಸಿನ ಮನಸ್ಸು ಗಳಿಗೆಗೊಂದು ಥರ ಎಂದುಕೊಂಡು ಎಷ್ಟೋ ಕಾಲ ನಾನು ಸುಮ್ಮನಿದ್ದೆ.

ಕೆಲಸ ಸಿಕ್ಕಿದ್ದು ದೊಡ್ಡವಳಿಗೆ. ಮನೆಯಲ್ಲಿ ಹಾಗೇ ಕರೆಯುವುದು, ದೊಡ್ಡವಳು ಚಿಕ್ಕವಳು ಎಂದು. ಚಿಕ್ಕವಳು ಬಟ್ಟೆ ಅಂಗಡಿಯೊಂದರಲ್ಲಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಮರೆವು ಶುರುವಾಯಿತು. ಮೊದಲು ಒಲೆ ಆರಿಸುವುದು ಮರೆತರು, ಆಮೇಲೆ ಒಲೆ ಎಂದರೇನು ಎಂಬುದೇ ಮರೆಯಿತು. ಒಬ್ಬರು ಮನೆಯಲ್ಲಿ ಇರಲೇಬೇಕಾಗಿ ಚಿಕ್ಕವಳು ಅಂಗಡಿ ಬಿಟ್ಟಳು. ಅಷ್ಟರಲ್ಲಿ ಒಂದು ದಿನ ದೊಡ್ಡವಳಿಗೆ ಮೈ ಸುಡುವ ಜ್ವರ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಹೋಗದಿದ್ದರೆ ತೆಗೆದುಹಾಕುತ್ತಾರೆ ಎಂಬ ಹೆದರಿಕೆ. ಅಕ್ಕ ಮನೆಯಲ್ಲಿ ಪಾಠ ಒಪ್ಪಿಸುವುದನ್ನು ಕೇಳಿ ಕೇಳಿ ಚಿಕ್ಕವಳಿಗೆ ಅದೆಲ್ಲ ಬಾಯಿಗೆ ಬಂದಿತ್ತು. ಮೊಳೆಗೆ ನೇತುಹಾಕಿದ್ದ ಕೋಟು ತೊಟ್ಟು ಹೊರಟೇಬಿಟ್ಟಳು. ಕತ್ತಲೆ ಕೋಣೆಯಲ್ಲಿ ಯಾರ ಮುಖ ಯಾರಿಗೆ ಕಾಣಬೇಕು? ಅವತ್ತು ಶುರುವಾದದ್ದು ಹಾಗೇ ನಡೆದುಕೊಂಡು ಬಂತು.

ಬೆಳಿಗ್ಗೆ ಇಬ್ಬರೂ ಮಂಚದ ಅಂಚಿನಲ್ಲಿ ಕೂತು, ನಿನಗೆ ಇವತ್ತು ಸೊಂಟವಾ ಕಾಲಾ ಎಂದು ಕೇಳಿಕೊಳ್ಳುತ್ತಿದ್ದರಂತೆ. ಸೊಂಟ ನೋಯುವವಳು ಕೆಲಸಕ್ಕೆ, ಯಾಕೆಂದರೆ ಅಲ್ಲಿ ಅಮ್ಮನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಮೈ ತೊಳೆಸುವ ಕುಸ್ತಿ ಇಲ್ಲ. ಕಾಲು ನೋಯುವವಳು ಮನೆಯಲ್ಲಿ, ಯಾಕೆಂದರೆ ಅಲ್ಲಿ ನಡುನಡುವೆಯಾದರೂ ಕೂರಬಹುದು. ಎರಡೂ ನೋಯುವ ದಿನ ಮಾತಿಲ್ಲದೆ ಒಬ್ಬಳು ಎದ್ದು ಕೋಟು ಹಾಕಿಕೊಳ್ಳುತ್ತಿದ್ದಳು. ಮನೆಯೇ ಆಗಲಿ ಕೆಲಸವೇ ಆಗಲಿ, ಒಂದನ್ನೇ ದಿನಾ ಹೊರುವ ತ್ರಾಣ ಇಬ್ಬರಲ್ಲಿ ಯಾರಿಗೂ ಇರಲಿಲ್ಲ. ಸರದಿ ಇತ್ತೆಂದು ಬದುಕಿದ್ದರು.

ಅಮ್ಮನ ಮರೆವು ತಲೆಗೆ ಬಂದಿತ್ತೇ ಹೊರತು ಕೈಕಾಲಿಗೆ ಬಂದಿರಲಿಲ್ಲ, ಗಟ್ಟಿ ಜೀವ. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತದ್ದು ಅವರಿಗೆ ಯಾವಾಗಲೋ ಮರೆತುಹೋಗಿತ್ತು. ಅವರ ಪಾಲಿಗೆ ಮಗಳು ಒಬ್ಬಳೇ, ಎದುರಿಗೆ ಯಾರು ಬಂದರೂ ಪುಟ್ಟಿ. ಆ ಪುಟ್ಟಿ ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲ, ಸುಸ್ತು ಎನ್ನುವುದಿಲ್ಲ, ಕರೆದರೆ ಯಾವಾಗಲೂ ಓ ಎನ್ನುತ್ತಾಳೆ. ಒಮ್ಮೆ ಮಾತ್ರ ಇಬ್ಬರೂ ಒಟ್ಟಿಗೆ ಕೋಣೆಗೆ ಬಂದಾಗ ಅಮ್ಮ ಹೆದರಿ ಗೋಡೆಗೆ ಮುಖ ಮಾಡಿ ಊಟ ಬಿಟ್ಟಿದ್ದರಂತೆ. ಅಂದಿನಿಂದ ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಸ್ವಂತ ಮನೆಯಲ್ಲಿ ಕಳ್ಳರ ಹಾಗೆ.

ನನಗೆ ಗೊತ್ತಾದದ್ದು ನಾನು ಅವರ ಬೀದಿಗೆ ಮನೆ ಬದಲಿಸಿದ ಮೇಲೆ. ಒಂದು ದಿನ ಬೆಳಿಗ್ಗೆ ಕತ್ತಲಕ್ಕನ ಜೊತೆ ಚಹಾ ಕುಡಿದು, ತಲೆನೋವು ತಡೆಯಲಾರದೆ ಮಧ್ಯಾಹ್ನವೇ ಮನೆಗೆ ಹೊರಟೆ. ನೋಡುತ್ತೇನೆ, ಅದೇ ಕತ್ತಲಕ್ಕ ತನ್ನ ಮನೆಯ ಮಹಡಿಯಲ್ಲಿ ನಿಂತು ಹಾಸಿಗೆ ಬಟ್ಟೆ ಒಣಹಾಕುತ್ತಿದ್ದಾಳೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು ಬಟ್ಟೆಗೆ ಸಿಕ್ಕಿಸಿ ಅವಳು ಒಳಗೆ ಹೋದಳು. ಮರುದಿನ ಕಿಟಕಿಯ ಹತ್ತಿರ ಬಂದ ಕತ್ತಲಕ್ಕ ಎಂದಿನ ಹಾಗೆ ನನ್ನ ಗಂಟಲಿಗೆಂದು ಕೆಮ್ಮಿನ ಮಿಠಾಯಿ ಕೊಟ್ಟಳು, ಒಂದರ ಬದಲು ಎರಡು. ನಾನು ಎರಡನ್ನೂ ಬಾಯಿಗೆ ಹಾಕಿಕೊಂಡೆ, ಮಾತಾಡಲು ಜಾಗವಿಲ್ಲದ ಹಾಗೆ. ಮುಂದೆ ಅವರ ಮನೆಗೂ ಹೋಗಿಬರತೊಡಗಿದೆ. ಕಿಟಕಿಯ ಮುಂದೆ ನಿಂತವಳು ಯಾರೆಂದು ಮಾತ್ರ ನಾನು ಯಾವತ್ತೂ ಪತ್ತೆ ಮಾಡಲು ಹೋಗಲಿಲ್ಲ. ಇಬ್ಬರೂ ನನ್ನನ್ನು ಟಿಕೆಟಮ್ಮ ಎನ್ನುತ್ತಿದ್ದರು, ನಾನು ಇಬ್ಬರಿಗೂ ಅಕ್ಕ ಎನ್ನುತ್ತಿದ್ದೆ. ಅಷ್ಟು ಸಾಕಾಗಿತ್ತು.

ಹೀಗಿರುವಾಗ ಬಂತು ನೋಡಿ ಹೆಬ್ಬೆಟ್ಟಿನ ಯಂತ್ರ. ಮುನ್ಸೂಚನೆ ಏನೂ ಇಲ್ಲ. ಬೆಳಿಗ್ಗೆ ಬಂದರೆ ಬಾಗಿಲ ಪಕ್ಕದ ಗೋಡೆಯಲ್ಲಿ ಕೂತಿತ್ತು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಎಲ್ಲರೂ ಬೆರಳೊತ್ತಬೇಕು. ಮೇಲ್ವಿಚಾರಕರು ಕೆಟ್ಟ ಮನುಷ್ಯರಲ್ಲ, ಅವರಿಗೂ ಅದು ಬೇಕಾಗಿರಲಿಲ್ಲ, ಮೇಲಿನವರು ಕಳಿಸಿದ್ದು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬೆರಳಚ್ಚು ಯಂತ್ರಕ್ಕೆ ತುಂಬಿಸಿಕೊಂಡರು. ಹೊಟ್ಟೆನೋವು ಅಂತ ಹೇಳಿ ಮನೆಗೆ ಹೋಗಕ್ಕಾ ಎಂದು ನಾನು ಕಣ್ಣಲ್ಲೇ ಹೇಳಿದೆ. ಇವತ್ತಲ್ಲದಿದ್ದರೆ ನಾಳೆ, ಬಿಡು ಎನ್ನುವ ಹಾಗೆ ಅವಳು ತಲೆಯಾಡಿಸಿದಳು. ಅವತ್ತು ಬಂದಿದ್ದವಳು ದೊಡ್ಡವಳು. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಚಿಕ್ಕವಳಿಗೆ ಬೆಳಿಗ್ಗೆ ಕಾಲು ಹಿಡಿದುಕೊಂಡಿತ್ತು, ಅಷ್ಟೆ. ಬೆರಳಿಟ್ಟಳು, ಹಸಿರು ದೀಪ ಹತ್ತಿತು, ಯಂತ್ರದೊಳಗಿನ ಹೆಂಗಸು ಧನ್ಯವಾದ ಎಂದಳು.

"ಇದನ್ನ ಯಾರಾದ್ರೂ ನೋಡ್ತಾರಾ ಸಾರ್?" ಎಂದು ದೊಡ್ಡವಳು ಕೇಳಿದಳು.

"ಅಯ್ಯೋ, ಯಾರು ನೋಡ್ತಾರಮ್ಮ? ಸುಮ್ನೆ ಒಳಗಡೆ ಇರತ್ತೆ," ಎಂದರು ಅವರು.

ನಿಜ. ನನಗೆ ತಿಳಿದ ಮಟ್ಟಿಗೆ ಇವತ್ತಿನವರೆಗೂ ಅದನ್ನು ಯಾರೂ ತೆರೆದು ನೋಡಿಲ್ಲ. ಒಳಗಡೆ ಇದೆ, ಅಷ್ಟೆ.

ಚಿಕ್ಕವಳು ಸುಲಭಕ್ಕೆ ಬಿಡಲಿಲ್ಲ. ಒಂದು ದಿನ ಎಲ್ಲರಿಗಿಂತ ಮೊದಲು ಬಂದು ಬೆರಳು ಒತ್ತಿದಳು. ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು ಯಂತ್ರ. ಒರೆಸಿಕೊಂಡು ಒತ್ತಿದಳು, ಬೇರೆ ಬೆರಳು ಒತ್ತಿದಳು. ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಬೆಳೆದರೂ ಬೆರಳಿನ ಗೆರೆ ಬೇರೆಯಂತೆ, ಅದು ಅವರಿಗೂ ಗೊತ್ತಿತ್ತು. ಆದರೂ ಮನಸ್ಸು ಕೇಳಬೇಕಲ್ಲ. ನಾನು ಬರುವ ಹೊತ್ತಿಗೆ ಆ ಹಾಳು ಯಂತ್ರ ಗುರುತು ಸಿಗಲಿಲ್ಲ, ಗುರುತು ಸಿಗಲಿಲ್ಲ ಎಂದು ಖಾಲಿ ಮೊಗಸಾಲೆಯಲ್ಲಿ ಒದರುತ್ತಿತ್ತು. ಅವಳು ಕೋಟಿನ ಜೇಬಿಗೆ ಕೈ ಹಾಕಿಕೊಂಡು ಹೊರಗೆ ನಡೆದಳು. ಗುರುತು ಅಂತ ಒಂದಿದ್ರೆ ಆಟ ಮುಗೀತು ಅಂತ ಇಷ್ಟು ವರ್ಷ ಬೆಳಕಿಗೆ ಹೇಳಿದ್ದನ್ನ ಇವತ್ತು ಇದು ನನಗೇ ಹೇಳಿದ ಹಾಗಾಯ್ತು ನೋಡು ಎಂದಳು. ಅವಳ ತಮಾಷೆಗೆ ನನಗೆ ನಗು ಬಾರದೇ ಇದ್ದದ್ದು ಅದೇ ಮೊದಲು.

ಹೇಳಿಬಿಡೋಣ ಎಂದರೆ ಕೆಲಸವೇ ಹೋಗುತ್ತದೆ. ಒಂದು ಹೆಸರಿನಲ್ಲಿ ಇಬ್ಬರು ದುಡಿದದ್ದನ್ನು ಯಾರು ಒಪ್ಪುತ್ತಾರೆ? ಕಡೆಗೆ ಅವರೇ ಒಂದು ದಾರಿ ಹುಡುಕಿದರು. ಚಿಕ್ಕವಳ ಸರದಿಯ ದಿನ ದೊಡ್ಡವಳು ಬೆಳಿಗ್ಗೆ ಬಂದು ಬೆರಳೊತ್ತಿ, ಮರುಬಸ್ಸಿಗೆ ವಾಪಸ್ಸು ಹೋಗುತ್ತಿದ್ದಳು. ಚಿಕ್ಕವಳು ತಮ್ಮ ಬೀದಿ ತುದಿಯ ಬಸ್ ನಿಲ್ದಾಣದಲ್ಲಿ ಕಾದಿದ್ದು, ಅಕ್ಕನ ಮೈಮೇಲಿನ ಕೋಟು ತಾನು ತೊಟ್ಟು, ಮೊದಲ ಪ್ರದರ್ಶನದ ಹೊತ್ತಿಗೆ ಓಡಿಬರುತ್ತಿದ್ದಳು. ಸಂಜೆ ಇದೇ ನಾಟಕ ತಿರುಗುಮುರುಗು. ಕೆಲಸ ಒಬ್ಬರದು, ಸುಸ್ತು ಇಬ್ಬರಿಗೂ ಎರಡರಷ್ಟು. ಕೋಟು ಬದಲಾಗುವ ಆ ಹೊತ್ತಿನಲ್ಲಿ ಅಮ್ಮ ಒಬ್ಬರೇ, ಹೊರಗಿನಿಂದ ಬೀಗ. ಹೀಗೆ ಎಷ್ಟು ದಿನ ಅಕ್ಕಾ ಎಂದು ಚಿಕ್ಕವಳನ್ನು ಕೇಳಿದೆ. ನೀನೇ ಒಂದು ಮೂರನೇ ಹಾಳೆ ತಂದ್ಕೊಡು ಟಿಕೆಟಮ್ಮ ಎಂದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಆ ದಿನ ನನಗೆ ತಡವಾಗಿ ಬರುವ ಪಾಳಿ. ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಚಿಕ್ಕವಳು ಆಗಲೇ ಬಂದು ನಿಂತಿದ್ದಳು. ಬೆರಳೊತ್ತಿ ಬಂದ ದೊಡ್ಡವಳು ಬಸ್ಸಿನಿಂದ ಇಳಿದು, ಇಳಿಯುತ್ತಲೇ ಕೋಟಿನ ಒಂದು ತೋಳು ಬಿಚ್ಚಿದಳು. ಚಿಕ್ಕವಳು ಆ ತೋಳಿಗೆ ಕೈ ತೂರಿಸಿದಳು. ಅಷ್ಟು ಅವಸರ. ಹಾಗೆ ಇಬ್ಬರೂ ಒಂದೇ ಕೋಟಿನಲ್ಲಿ ಸಿಕ್ಕಿಕೊಂಡಿದ್ದಾಗ ಅಮ್ಮ ಬಂದರು. ಮಲಗುವ ಉಡುಪು, ಎಡಗಾಲಿನ ಚಪ್ಪಲಿ ಬಲಗಾಲಿಗೆ. ಅವಸರದಲ್ಲಿ ಚಿಕ್ಕವಳು ಬೀಗ ಒತ್ತಿದ್ದಳು, ಅದು ಕೂತಿರಲಿಲ್ಲ.

"ಪುಟ್ಟೀ," ಎಂದು ಕರೆದರು. ಇಬ್ಬರೂ ಓ ಎಂದರು.

ಅಮ್ಮ ಒಂದು ಮುಖ ನೋಡಿದರು, ಇನ್ನೊಂದು ಮುಖ ನೋಡಿದರು. "ಇದೇನಿದು? ನನಗಿರೋಳು ಒಬ್ಬಳೇ. ಇಬ್ಬರು ಯಾಕಿದ್ದೀರಿ? ನನ್ನ ಪುಟ್ಟಿ ಯಾರು ಹೇಳಿ."

ಚಿಕ್ಕವಳು ಹತ್ತಿರ ಹೋದರೆ ಹಿಂದೆ ಸರಿದರು. ದೊಡ್ಡವಳು ಕೈ ಚಾಚಿದರೆ ಕೈ ಒದರಿಕೊಂಡರು. ಹಿಂದೆ ಸರಿಯುತ್ತ ಸರಿಯುತ್ತ ರಸ್ತೆಗೇ ಇಳಿದುಬಿಟ್ಟರು, ಎದುರಿನಿಂದ ಬಸ್ಸು ಬರುತ್ತಿತ್ತು. ನಾನು ಎದ್ದು ಅವರ ತೋಳು ಹಿಡಿದೆ, ಮಗುವಿನ ಹಾಗೆ ಅಳುತ್ತಿದ್ದರು. ನಿಜ ಹೇಳಿ, ಯಾರು ಹೇಳಿ ಎಂದು ಅದೊಂದೇ ಮಾತು. ಆಗ ದೊಡ್ಡವಳು ತಂಗಿಯ ಕೈಯಿಂದ ಕೋಟಿನ ತೋಳನ್ನು ಮೆಲ್ಲಗೆ ಎಳೆದುಕೊಂಡಳು. ತೊಟ್ಟು, ಗುಂಡಿ ಹಾಕಿಕೊಂಡಳು.

"ಇವಳೇ ನಿಮ್ಮ ಪುಟ್ಟಿ," ಎಂದಳು. "ನಾನು ಪಕ್ಕದ ಮನೆಯವಳು. ಕೆಲಸಕ್ಕೆ ಹೊರಟಿದ್ದೆ."

ಮಾತು ಬಂದಾಗಿನಿಂದ ನೀನು ಎಂದು ಕರೆದ ಅಮ್ಮನಿಗೆ ಅವಳು ನೀವು ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಮ್ಮನ ಅಳು ನಿಂತಿತು. ಚಿಕ್ಕವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, ಬಾರೇ ಮನೆಗೆ ಎಂದು ಎಳೆದುಕೊಂಡು ಹೊರಟರು. ಚಿಕ್ಕವಳು ತಿರುಗಿ ತಿರುಗಿ ನೋಡುತ್ತಿದ್ದಳು, ಅಕ್ಕನನ್ನೋ ಕೋಟನ್ನೋ ಗೊತ್ತಿಲ್ಲ. ದೊಡ್ಡವಳು ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತ ನಾನು, ಯಾಕಕ್ಕಾ ಹಾಗಂದ್ರಿ ಎಂದು ಕೇಳಿದೆ. ಯಾರಾದರೂ ಒಬ್ಬರು ಅನ್ನಲೇಬೇಕಿತ್ತು, ಕೋಟಿನ ಒಂದು ತೋಳು ನನ್ನ ಮೈಮೇಲೆ ಇತ್ತಲ್ಲ ಎಂದಳು. ಆಮೇಲೆ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

ಸಂಜೆಯೊಳಗೆ ಅಮ್ಮ ಮರೆತಿರುತ್ತಾರೆ ಎಂದು ನಾವೆಲ್ಲ ಧೈರ್ಯವಾಗಿದ್ದೆವು. ಬೆಳಿಗ್ಗೆ ತಿಂದದ್ದು ಮರೆಯುತ್ತಾರೆ, ಗಂಡ ಸತ್ತದ್ದು ಮರೆತು ದಿನಾ ಕಾಯುತ್ತಾರೆ, ಇದೇನು ಮಹಾ? ಮರೆವೇ ಇವರ ಪಾಲಿನ ಮೂರನೆಯ ಹಾಳೆ ಎಂದುಕೊಂಡೆ ನಾನು. ಅದೊಂದನ್ನು ಮರೆಯಲಿಲ್ಲ, ಹಾಳಾದ್ದು. ದೊಡ್ಡವಳು ಕೋಟು ಬಿಚ್ಚಿಟ್ಟು, ತಂಗಿಯ ಸ್ವೆಟರ್ ಹಾಕಿಕೊಂಡು, ಒಬ್ಬಳೇ ಒಳಗೆ ಹೋಗಿ ಕೂತರೂ ಅಮ್ಮ ಅವಳ ಕೈ ತೆಗೆದುಕೊಂಡು, ಬೆರಳು ಸವರಿ ನೋಡಿ, ನೀವು ಪಕ್ಕದ ಮನೆಯವರಲ್ವಾ ಎನ್ನುತ್ತಿದ್ದರು. ಹೇಗೆ ತಿಳಿಯುತ್ತಿತ್ತೋ ದೇವರೇ ಬಲ್ಲ. ಬಚ್ಚಲಿಗೆ ಕರೆದರೆ ಬರುತ್ತಿರಲಿಲ್ಲ, ತುತ್ತು ಕೊಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಪರರ ಕೈಯಲ್ಲಿ ಯಾಕೆ ಎಂದು ನಾಚಿಕೊಳ್ಳುತ್ತಿದ್ದರು.

ಅಲ್ಲಿಗೆ ಸರದಿ ಮುಗಿಯಿತು. ಮನೆಗೆ ಚಿಕ್ಕವಳು, ಕೆಲಸಕ್ಕೆ ದೊಡ್ಡವಳು, ಸೊಂಟವಾ ಕಾಲಾ ಎಂದು ಕೇಳುವ ಹಾಗೇ ಇಲ್ಲ. ಕನ್ನಡಿಯಲ್ಲಿ ನೋಡಿದ ಹಾಗಿದ್ದವರು ನೋಡನೋಡುತ್ತಿದ್ದಂತೆ ಬೇರೆ ಬೇರೆಯಾದರು. ಒಬ್ಬಳ ಬೆನ್ನು ಬಾಗಿತು, ಕೈ ಒರಟಾಯಿತು. ಇನ್ನೊಬ್ಬಳ ಕಾಲು ಊದಿ ಚಪ್ಪಲಿ ಹಿಡಿಸದಾಯಿತು. ಈಗ ದಾರಿಹೋಕರೂ ಹೇಳಬಲ್ಲರು, ಇವಳು ಇವಳು, ಅವಳು ಅವಳು ಎಂದು. ನಾನು ಮನೆಗೆ ಹೋಗುವಾಗ ಚಿಕ್ಕವಳು ಮಹಡಿಯಿಂದ ಬಾಗಿ, ಇವತ್ತು ಜನ ನಕ್ಕರಾ ಎಂದು ಕೇಳುತ್ತಿದ್ದಳು. ದೊಡ್ಡವಳು ಅಳಿಯನ ತಮಾಷೆಯನ್ನು ಕಲಿತು ದಿನಾ ಹೇಳುತ್ತಿದ್ದಳು, ಪಾಪ, ಪಾಠದ ಹಾಗೇ ಹೇಳುತ್ತಿದ್ದಳು, ಯಾರೂ ನಗುತ್ತಿರಲಿಲ್ಲ. ಬಿದ್ದು ಬಿದ್ದು ನಕ್ಕರು ಎಂದು ನಾನು ಹೇಳುತ್ತಿದ್ದೆ. ದೊಡ್ಡವಳೂ ಅದನ್ನೇ ಹೇಳುತ್ತಿದ್ದಳಂತೆ.

ಮೊನ್ನೆ ಸಂಜೆ ದೊಡ್ಡವಳ ಜೊತೆ ನಾನೂ ಅವರ ಮನೆಗೆ ಹೋದೆ. ತನ್ನದೇ ಮನೆಯ ಬಾಗಿಲನ್ನು ಅವಳು ತಟ್ಟಿದಳು. ಚಿಕ್ಕವಳು ತೆರೆದಳು. ಅಮ್ಮ ಮಂಚದ ಮೇಲೆ ಕೂತಿದ್ದರು. ಬನ್ನಿ, ಕೂತ್ಕೊಳ್ಳಿ ಎಂದು ಮರ್ಯಾದೆಯಿಂದ ಜಾಗ ಮಾಡಿದರು, ನೆಂಟರು ಬಂದಿದ್ದಾರೆ ಚಹಾ ಮಾಡೇ ಪುಟ್ಟಿ ಎಂದು ಒಳಗೆ ಕೂಗಿ ಹೇಳಿದರು. ದೊಡ್ಡವಳು ಕೋಟಿನಲ್ಲೇ ಕುರ್ಚಿಯ ತುದಿಗೆ ಕೂತಳು. ಕೂತಲ್ಲೇ ಅವಳಿಗೆ ತೂಕಡಿಕೆ ಬಂತು. ಅಮ್ಮ ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ಪಾಪ, ತುಂಬ ಸುಸ್ತಾಗಿದ್ದೀರಿ," ಎಂದರು. "ಮನೆಗೆ ಹೋಗಿ ಮಲಗಿ. ನಿಮ್ಮಮ್ಮ ಕಾಯ್ತಾ ಇರ್ತಾರೆ."

ಹೂಂ, ಹೋಗ್ತೀನಿ ಎಂದು ದೊಡ್ಡವಳು ಎದ್ದಳು. ಹೊರಗೆ ಬಂದು, ಅಮ್ಮ ಮಲಗಿದ ಮೇಲೆ ತಂಗಿ ಬಾಗಿಲು ತೆರೆಯಲಿ ಎಂದು ಮೆಟ್ಟಿಲ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ.